ಬಿಟ್ಟುಹೋಗುವಾಗ ಕಾರಣ ಹೇಳಿದವರಿಗೆ

ನಮ್ಮ ತಂತ್ರಾಂಶದ ಮೇಲೆ ಮೊದಲ ಆನ್‌ಲೈನ್ ಅಂಗಡಿ ತೆರೆದು ಈ ತಿಂಗಳಿಗೆ 10 ವರ್ಷ ತುಂಬಿತು. ಸಣ್ಣ ವ್ಯಾಪಾರಿಗಳು ಅಂತರ್ಜಾಲದಲ್ಲಿ ಸರಕು ಮಾರಲು ಬೇಕಾಗುವ ವಸ್ತುಗಳ ಪಟ್ಟಿ, ಕಾರ್ಟ್, ಪಾವತಿ, ದಾಸ್ತಾನು, ರವಾನೆ, ವಾಪಸಾತಿ ಇಷ್ಟನ್ನೂ ಒಂದೇ ಕಡೆ ಜೋಡಿಸಿ, ತಿಂಗಳ ಚಂದಾ ಪಡೆದು ಒದಗಿಸುವುದು ನಮ್ಮ ಕಸುಬು. ಇಬ್ಬರಿಂದ ಶುರುವಾದ ಕೆಲಸ ಈಗ ತನ್ನ ಗಳಿಕೆಯಲ್ಲೇ ನಡೆಯುವ ಸಂಸ್ಥೆಯಾಗಿದೆ. ಇಂಥ ಹೊತ್ತಿನಲ್ಲಿ ಅಭಿನಂದನೆಗಳ ಜೊತೆಗೆ, ಉದ್ಯಮದಲ್ಲಿ ಗೆಲ್ಲಲು ಎಂಥ ಮನೋಭಾವ ಬೇಕು ಎಂಬ ಪ್ರಶ್ನೆಯೂ ಬರುತ್ತದೆ. ಅದಕ್ಕೆ ಪ್ರಾಮಾಣಿಕವಾಗಿ ಉತ್ತರಿಸಬೇಕೆಂದು ಕುಳಿತಾಗ, ನನ್ನದೆಂದು ಹೇಳಿಕೊಳ್ಳಬಹುದಾದ ಗುಣಗಳಿಗಿಂತ ನನ್ನ ತಪ್ಪನ್ನು ಮುಖಕ್ಕೆ ಹೇಳಿದವರೇ ಹೆಚ್ಚಾಗಿ ನೆನಪಾದರು. ಹಾಗಾಗಿ ಉತ್ತರ ಬರೆಯುವುದನ್ನು ಬಿಟ್ಟು ಅವರ ಋಣವನ್ನು ಒಪ್ಪಿಕೊಳ್ಳುತ್ತಿದ್ದೇನೆ.

ಮೊದಲ ಕೃತಜ್ಞತೆ ನಮ್ಮ ಮೊದಲ ಗ್ರಾಹಕಿಗೆ ಸಲ್ಲಬೇಕು. ಡೆಮೊ ತೋರಿಸಲು ಹೋದ ದಿನ ನಮ್ಮ ಬಳಿ ಅಂಗಡಿಯ ಮುಖಪುಟಕ್ಕೆ ಹಲವು ಚೆಂದದ ವಿನ್ಯಾಸಗಳಿದ್ದವು, ಬಣ್ಣ ಬದಲಿಸುವ ಗುಂಡಿಯಿತ್ತು, ಜಾರುವ ಚಿತ್ರಗಳಿದ್ದವು. ಅವರು ಎಲ್ಲವನ್ನೂ ತಾಳ್ಮೆಯಿಂದ ನೋಡಿ ಒಂದೇ ಪ್ರಶ್ನೆ ಕೇಳಿದರು: "ಒಬ್ಬರು ರಿಯಾಯಿತಿಯಲ್ಲಿ ಮೂರು ವಸ್ತು ತರಿಸಿಕೊಂಡು ಒಂದನ್ನು ಮಾತ್ರ ವಾಪಸು ಕಳಿಸಿದರೆ ಅವರಿಗೆ ಎಷ್ಟು ಹಣ ಹಿಂದಿರುಗಿಸಬೇಕು?" ನಮ್ಮಿಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ರಿಯಾಯಿತಿಯನ್ನು ಮೂರೂ ವಸ್ತುಗಳ ಮೇಲೆ ಬೆಲೆಗೆ ತಕ್ಕಂತೆ ಹಂಚಬೇಕೇ, ಎರಡೇ ವಸ್ತು ಉಳಿದಾಗ ರಿಯಾಯಿತಿಯ ಷರತ್ತೇ ಮುರಿದುಬಿದ್ದರೆ ಏನು ಮಾಡಬೇಕು, ರವಾನೆಯ ಖರ್ಚಿನ ಪಾಲು ಯಾರದು, ತೆರಿಗೆಯನ್ನು ಪ್ರತಿ ವಸ್ತುವಿಗೆ ಪೂರ್ಣಾಂಕಗೊಳಿಸಿದ್ದರೆ ಒಟ್ಟು ಮೊತ್ತದ ಮೇಲೆ ಹಾಕಿದ ತೆರಿಗೆಗೆ ಅದು ತಾಳೆಯಾಗುತ್ತದೆಯೇ ಎಂಬುದೆಲ್ಲ ನಮಗೆ ಅಂದೇ ಮೊದಲ ಬಾರಿಗೆ ತೋರಿದ ಸಂಗತಿಗಳು. ಅವರು ನಮ್ಮನ್ನು ಕಳಿಸಿಬಿಡಬಹುದಿತ್ತು. ಅದರ ಬದಲು ತಾವು ಕೈಬರಹದಲ್ಲಿ ಇಟ್ಟಿದ್ದ ಆರ್ಡರ್ ಪುಸ್ತಕವನ್ನು ತೆರೆದು, ವಾಪಸು ಬಂದ ಸರಕಿಗೆಂದೇ ಗೆರೆ ಎಳೆದಿದ್ದ ಕಾಲಮ್ಮನ್ನು ತೋರಿಸಿ, ಮೂರು ದಿನ ತಮ್ಮ ಪಕ್ಕದಲ್ಲಿ ಕೂರಲು ಅವಕಾಶ ಕೊಟ್ಟರು. ಮಾರಾಟ ಎಂದರೆ ಹಣ ಬಂದು ಸರಕು ಹೋಗುವುದು ಎಂದಷ್ಟೇ ತಿಳಿದಿದ್ದ ನಮಗೆ, ಸರಕು ಹಿಂದೆ ಬರುವ ದಾರಿಯೂ ಅಷ್ಟೇ ಉದ್ದವಾಗಿದೆ ಎಂದು ಕಲಿಸಿದ್ದು ಆ ಪುಸ್ತಕ. ನಮ್ಮ ಡೇಟಾಬೇಸಿನ ವಾಪಸಾತಿ ಭಾಗದ ರಚನೆ ಇಂದಿಗೂ ಬಹುಮಟ್ಟಿಗೆ ಅವರು ಎಳೆದ ಗೆರೆಗಳಂತೆಯೇ ಇದೆ.

ಈ ಕ್ಷೇತ್ರದ ಹಿರಿಯರ ಕಥೆಗಳನ್ನು ಆಮೇಲೆ ಓದಿದಾಗ ನಮ್ಮ ಪೆದ್ದುತನ ಅಷ್ಟೇನೂ ಅಪರೂಪದ್ದಲ್ಲ ಎಂಬ ಸಮಾಧಾನ ಸಿಕ್ಕಿತು. ಬ್ರೌಸರಿನಲ್ಲೇ ಅಂಗಡಿ ಕಟ್ಟಿಕೊಳ್ಳುವ ತಂತ್ರಾಂಶಗಳಲ್ಲಿ ಮೊದಲ ಸಾಲಿನದಾದ ವಯಾವೆಬ್ ಶುರುವಾದದ್ದು 1995ರಲ್ಲಿ. ಅದನ್ನು ಕಟ್ಟಿದ ಪಾಲ್ ಗ್ರಹಾಂ ಮತ್ತು ರಾಬರ್ಟ್ ಮಾರಿಸ್ ಅದಕ್ಕೂ ಮೊದಲು ಕಲಾ ಗ್ಯಾಲರಿಗಳನ್ನು ಅಂತರ್ಜಾಲಕ್ಕೆ ತರಲು ಹೊರಟು, ಗ್ಯಾಲರಿಗಳಿಗೆ ಅದು ಬೇಕಾಗಿಯೇ ಇಲ್ಲ ಎಂದು ಕಂಡುಕೊಂಡಿದ್ದರು. ವಯಾವೆಬ್ಬನ್ನು 1998ರಲ್ಲಿ ಯಾಹೂ ಕೊಂಡುಕೊಂಡಿತು. ಶಾಪಿಫೈ ಕೂಡ ತಂತ್ರಾಂಶ ಮಾರುವ ಯೋಜನೆಯಾಗಿ ಹುಟ್ಟಲಿಲ್ಲ. ಟೋಬಿ ಲುಟ್ಕೆ ಮತ್ತು ಜೊತೆಗಾರರು 2004ರಲ್ಲಿ ಕೆನಡಾದಲ್ಲಿ ಸ್ನೋಡೆವಿಲ್ ಎಂಬ ಹೆಸರಿನಲ್ಲಿ ಸ್ನೋಬೋರ್ಡ್ ಮಾರಲು ಹೊರಟರು; ಆಗ ಸಿಗುತ್ತಿದ್ದ ಅಂಗಡಿ ತಂತ್ರಾಂಶಗಳು ಹಿಡಿಸದೆ ತಮಗೆ ಬೇಕಾದದ್ದನ್ನು ತಾವೇ ಬರೆದುಕೊಂಡರು; 2006ರಲ್ಲಿ ಆ ತಂತ್ರಾಂಶವನ್ನೇ ಬೇರೆ ವ್ಯಾಪಾರಿಗಳಿಗೆ ಒದಗಿಸತೊಡಗಿದರು. ಅವರ ಎತ್ತರಕ್ಕೂ ನಮಗೂ ಹೋಲಿಕೆ ಇಲ್ಲ. ಆದರೂ ಹೊರಟ ದಾರಿಯೊಂದು, ಮುಟ್ಟಿದ ಊರು ಇನ್ನೊಂದು ಆದವರು ಇವರು, ಮತ್ತು ದಾರಿ ತಪ್ಪಿದೆ ಎಂದು ಒಪ್ಪಿಕೊಳ್ಳಲು ತಡಮಾಡದವರು. ಗೆದ್ದವರ ಕಥೆಗಳಲ್ಲಿ ಹಟವನ್ನು ಎಲ್ಲರೂ ಹೊಗಳುತ್ತಾರೆ. ಯಾವುದನ್ನು ಎಷ್ಟು ಬೇಗ ಕೈಬಿಟ್ಟರು ಎಂಬ ಭಾಗ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಇನ್ನು ನಮ್ಮ ಮೂರನೆಯ ವರ್ಷದ ಆ ರಾತ್ರಿ. ಅದನ್ನು ಬಲ್ಲವರು ಅನೇಕರು ಈ ಬರಹವನ್ನು ಓದುತ್ತಿರುತ್ತೀರಿ, ಆದ್ದರಿಂದ ಮರೆಮಾಚದೆ ಬರೆಯುತ್ತೇನೆ. ವರ್ಷದ ದೊಡ್ಡ ಮಾರಾಟದ ದಿನ, ಸಂಜೆಯ ಹೊತ್ತಿಗೆ ಪಾವತಿ ಸೇವೆಯಿಂದ ಉತ್ತರಗಳು ತಡವಾಗಿ ಬರತೊಡಗಿದವು. ಹಣ ಕಡಿತಗೊಳಿಸುವ ಕೋರಿಕೆಯನ್ನು ಕಳಿಸಿದ ಮೇಲೆ ಉತ್ತರ ಬಾರದಿದ್ದರೆ ಅದಕ್ಕೆ ಎರಡು ಅರ್ಥಗಳಿರಬಹುದು: ಕೋರಿಕೆ ತಲುಪಲೇ ಇಲ್ಲ ಎಂಬುದು ಒಂದು, ಕೋರಿಕೆ ತಲುಪಿ, ಹಣವೂ ಕಡಿತವಾಗಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಯಿತು ಎಂಬುದು ಇನ್ನೊಂದು. ಕಾಯುತ್ತಿರುವ ಕಡೆಯಿಂದ ನೋಡಿದರೆ ಎರಡಕ್ಕೂ ಯಾವ ವ್ಯತ್ಯಾಸವೂ ಇಲ್ಲ. ನಾನೇ ಬರೆದಿದ್ದ ಕೋಡ್ ಮೊದಲನೆಯದನ್ನೇ ನಿಜವೆಂದು ನಂಬಿ ಕೋರಿಕೆಯನ್ನು ಮತ್ತೆ ಕಳಿಸುತ್ತಿತ್ತು. ಒಂದೇ ಆರ್ಡರಿಗೆ ಎರಡು ಸಲ, ಕೆಲವರಿಗೆ ಮೂರು ಸಲ ಹಣ ಕಡಿತವಾಯಿತು. ಇದಕ್ಕೆ ಪರಿಹಾರ ಹೊಸದೇನಲ್ಲ: ಪ್ರತಿ ಪಾವತಿ ಯತ್ನಕ್ಕೆ ಒಂದು ವಿಶಿಷ್ಟ ಗುರುತುಸಂಖ್ಯೆ ಕೊಟ್ಟು, ಮರುಯತ್ನದಲ್ಲೂ ಅದೇ ಸಂಖ್ಯೆಯನ್ನು ಕಳಿಸಿದರೆ, ಎದುರಿನ ಸರ್ವರ್ ಅದನ್ನು ಗುರುತಿಸಿ ಹೊಸದಾಗಿ ಹಣ ಮುಟ್ಟದೆ ಹಳೆಯ ಉತ್ತರವನ್ನೇ ಹಿಂದಿರುಗಿಸುತ್ತದೆ. ಪಾವತಿ ಸೇವೆಯ ಕೈಪಿಡಿಯಲ್ಲಿ ಈ ಸೌಲಭ್ಯದ ವಿವರವಿತ್ತು. ನಾನು ಆ ಪುಟ ಓದಿದ್ದೆ; 'ಆಮೇಲೆ ಮಾಡೋಣ' ಎಂಬ ಪಟ್ಟಿಗೆ ಸೇರಿಸಿದ್ದೆ.

ಆ ರಾತ್ರಿ ವ್ಯಾಪಾರಿಗಳಿಗೆಲ್ಲ ಕಳಿಸಲೆಂದು ನಾನು ಬರೆದ ಮೊದಲ ಪ್ರಕಟಣೆಯಲ್ಲಿ ಪಾವತಿ ಸೇವೆಯ ನಿಧಾನಗತಿ, ಅನಿರೀಕ್ಷಿತ ದಟ್ಟಣೆ, ತಾಂತ್ರಿಕ ಅಡಚಣೆ ಎಂಬ ಪದಗಳೇ ತುಂಬಿದ್ದವು. ಅದನ್ನು ಮೊದಲು ಓದಿದ ವ್ಯಾಪಾರಿಯೊಬ್ಬರು ಫೋನ್ ಮಾಡಿ, "ಇದನ್ನೇ ನನ್ನ ಗ್ರಾಹಕರಿಗೆ ಓದಿ ಹೇಳಲೇ? ಅವರ ಹಣ ಯಾವಾಗ ಹಿಂದೆ ಬರುತ್ತದೆ ಅನ್ನುವುದು ಇದರಲ್ಲಿ ಎಲ್ಲಿದೆ ಸ್ವಾಮಿ?" ಎಂದು ಕೇಳಿದರು. ಕೋಪಕ್ಕಿಂತ ಹೆಚ್ಚಾಗಿ ದಣಿವಿದ್ದ ಆ ದನಿ ಈಗಲೂ ಕಿವಿಯಲ್ಲಿದೆ. ಪ್ರಕಟಣೆಯನ್ನು ಹರಿದು ಹೊಸದಾಗಿ ಬರೆದೆವು: ತಪ್ಪು ನಮ್ಮ ಕೋಡಿನದು, ಯಾವ ಯಾವ ಆರ್ಡರುಗಳಲ್ಲಿ ಹೆಚ್ಚುವರಿ ಹಣ ಹೋಗಿದೆ ಎಂಬ ಪಟ್ಟಿ ಇದು, ಪ್ರತಿಯೊಂದರ ರಿಫಂಡ್ ಯಾವ ಹಂತದಲ್ಲಿದೆ ಎಂಬುದನ್ನು ಗಂಟೆಗೊಮ್ಮೆ ತಿಳಿಸುತ್ತೇವೆ. ಬೆಳಗಿನ ತನಕ ಮೂವರು ವ್ಯಾಪಾರಿಗಳು ನಮ್ಮೊಂದಿಗೆ ಎಚ್ಚರವಿದ್ದು, ತಮ್ಮ ಬ್ಯಾಂಕ್ ಲೆಕ್ಕವನ್ನು ನಮ್ಮ ಪಟ್ಟಿಯೊಂದಿಗೆ ಸಾಲುಸಾಲಾಗಿ ತಾಳೆ ನೋಡಿದರು. ನಷ್ಟ ಅವರದು, ತಪ್ಪು ನಮ್ಮದು. ಹಾಗಿದ್ದೂ ಅವರು ನಮ್ಮ ಕೆಲಸ ಮಾಡಿಕೊಟ್ಟರು. ಆ ಮೂವರಿಗೆ ಒಂದು ವರ್ಷದ ಚಂದಾ ಬೇಡವೆಂದು ಹೇಳಿದಾಗ ಒಬ್ಬರು ಒಪ್ಪಲಿಲ್ಲ. ಹಣ ಕೊಟ್ಟರೆ ತಾನೇ ಕೇಳುವ ಹಕ್ಕು ಉಳಿಯುವುದು ಎಂದರು.

ಸಂಸ್ಥೆಯ ಒಳಗೆ ನನ್ನ ಮಾತನ್ನು ಒಪ್ಪದೆ ನಿಂತವರಿಗೂ ನಾನು ಋಣಿ. ಹಣದ ಮೊತ್ತವನ್ನು ಎಂದಿಗೂ ದಶಮಾಂಶದ ಸಂಖ್ಯೆಯಾಗಿ ಉಳಿಸಬಾರದು, ನಾಣ್ಯದ ಅತಿ ಸಣ್ಣ ಘಟಕದಲ್ಲಿ ಪೂರ್ಣಸಂಖ್ಯೆಯಾಗಿಯೇ ಇಡಬೇಕು ಎಂದು ನಮ್ಮ ಮೊದಲ ಎಂಜಿನಿಯರ್ ಹಟ ಹಿಡಿದಾಗ, ಬರೆದು ಮುಗಿಸಿದ್ದನ್ನೆಲ್ಲ ಬದಲಿಸುವುದೇ ಎಂದು ರೇಗಿದವನು ನಾನು. ಅವರು ವಾದ ಮಾಡಲಿಲ್ಲ, ಕಂಪ್ಯೂಟರಿಗೆ 0.1 ಮತ್ತು 0.2 ಕೂಡಿಸಲು ಹೇಳಿ, ತೆರೆಯ ಮೇಲೆ ಬಂದ 0.30000000000000004 ಎಂಬ ಉತ್ತರವನ್ನು ತೋರಿಸಿ ಸುಮ್ಮನಾದರು. ಜಪಾನಿನ ಯೆನ್ನಿಗೆ ದಶಮಾಂಶದ ಭಾಗವೇ ಇಲ್ಲ, ಕುವೈತಿನ ದಿನಾರಿಗೆ ಮೂರು ಸ್ಥಾನಗಳಿವೆ ಎಂಬುದನ್ನೂ ಅವರೇ ಮೊದಲು ಹೇಳಿದ್ದು. ಎಲ್ಲ ನಾಣ್ಯಗಳಿಗೂ ಎರಡೇ ಸ್ಥಾನವೆಂದು ನಾನು ನಂಬಿಕೊಂಡಿದ್ದೆ. ಹಾಗೆಯೇ ನಮ್ಮ ಗ್ರಾಹಕ ಸೇವೆಯನ್ನು ನೋಡಿಕೊಂಡವರು, ದೂರುಗಳನ್ನು ಪರಿಹರಿಸಿ ಮರೆಯುವ ಬದಲು, ಜನರು ಬಳಸಿದ ಮಾತುಗಳಲ್ಲೇ ಬರೆದಿಟ್ಟುಕೊಂಡು ಪ್ರತಿ ವಾರ ನನಗೆ ಓದಿ ಹೇಳುತ್ತಿದ್ದರು. 'ದಾಸ್ತಾನು ಹೊಂದಾಣಿಕೆ ದೋಷ' ಎಂದು ಬರೆದಿದ್ದರೆ ನಾನು ಅದನ್ನು ಪಟ್ಟಿಯ ಕೆಳಗೆ ತಳ್ಳುತ್ತಿದ್ದೆ. 'ಒಂದೇ ಒಂದು ಉಳಿದಿತ್ತು, ಇಬ್ಬರಿಗೆ ಮಾರಿಬಿಟ್ಟಿರಿ, ಈಗ ಯಾರಿಗೆ ಇಲ್ಲ ಅನ್ನಲಿ?' ಎಂಬ ವಾಕ್ಯವನ್ನು ಹಾಗೆ ತಳ್ಳಲು ಆಗಲಿಲ್ಲ.

ಆ ದೋಷವನ್ನು ಸರಿಪಡಿಸುವಾಗ ಇನ್ನೊಂದು ಋಣ ಅರಿವಿಗೆ ಬಂತು. ಇಬ್ಬರು ಒಂದೇ ಕ್ಷಣದಲ್ಲಿ ಕೊನೆಯ ವಸ್ತುವನ್ನು ಕೊಳ್ಳಲು ಬಂದಾಗ ಒಬ್ಬರ ವ್ಯವಹಾರ ಪೂರ್ತಿ ಮುಗಿಯುವವರೆಗೆ ಇನ್ನೊಬ್ಬರನ್ನು ಕಾಯಿಸುವ, ಅರ್ಧಕ್ಕೆ ನಿಂತರೆ ಏನೂ ನಡೆದೇ ಇಲ್ಲವೆಂಬಂತೆ ಹಿಂದಕ್ಕೆ ಸರಿಸುವ ವ್ಯವಸ್ಥೆ ಡೇಟಾಬೇಸುಗಳಲ್ಲಿ ಸಿದ್ಧವಾಗಿಯೇ ಇದೆ. ಅದರ ಅಡಿಪಾಯ ಹಾಕಿದವರಲ್ಲಿ ಪ್ರಮುಖರಾದ ಜಿಮ್ ಗ್ರೇ ಅವರಿಗೆ 1998ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. 2007ರಲ್ಲಿ ಅವರು ಒಬ್ಬರೇ ದೋಣಿಯಲ್ಲಿ ಸಮುದ್ರಕ್ಕೆ ಹೋದವರು ಮರಳಲಿಲ್ಲ. ನಾವು ಬಳಸುವ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶ 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೊಳೆತದ್ದು, ಇಂದಿಗೂ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದದ್ದು. ಇಂಥವರ ಹೆಸರು ನಮ್ಮ ವ್ಯಾಪಾರಿಗಳಿಗೆ ತಿಳಿದಿರಬೇಕಾಗಿಲ್ಲ, ಆದರೆ ನಮ್ಮ ಚಂದಾದ ರಸೀದಿಯಲ್ಲಿ ಅವರ ದುಡಿಮೆಯ ಪಾಲೂ ಇದೆ.

ಮನೆಯವರ ವಿಷಯದಲ್ಲಿ ಹೆಚ್ಚು ಬರೆಯಲು ಸಂಕೋಚವಾಗುತ್ತದೆ, ಆದರೆ ಒಂದು ಸಂಗತಿ ಈ ವಿಷಯಕ್ಕೆ ಸೇರಿದ್ದು. ಕೆಲಸ ಬಿಡುವ ಮುನ್ನ ನನ್ನ ಪತ್ನಿ, ಗೆದ್ದರೆ ಎಷ್ಟು ಸಿಗುತ್ತದೆ ಎಂದು ಕೇಳಲೇ ಇಲ್ಲ. ಎಷ್ಟು ಹೋದರೆ ನಿಲ್ಲಿಸುತ್ತೀರಿ ಎಂದು ಕೇಳಿ, ಆ ಮೊತ್ತವನ್ನೂ ಒಂದು ತಾರೀಖನ್ನೂ ನನ್ನ ಕೈಯಲ್ಲೇ ಬರೆಸಿಟ್ಟುಕೊಂಡರು. ಆಗ ನನಗೆ ಅದು ಅಪನಂಬಿಕೆಯಂತೆ ಕಂಡಿತ್ತು. ಉದ್ಯಮಶೀಲತೆಯ ಸಂಶೋಧಕಿ ಸರಸ್ ಸರಸ್ವತಿ ಅವರು ಪಳಗಿದ 27 ಉದ್ಯಮಿಗಳಿಗೆ ಒಂದೇ ಕಾಲ್ಪನಿಕ ಸಮಸ್ಯೆಯನ್ನು ಕೊಟ್ಟು, ಅದನ್ನು ಬಿಡಿಸುವಾಗ ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳಲು ಕೇಳಿ ನಡೆಸಿದ ಅಧ್ಯಯನದ ಬಗ್ಗೆ ಓದಿದ್ದು ಬಹಳ ತಡವಾಗಿ. ಬರಬಹುದಾದ ಲಾಭವನ್ನು ಲೆಕ್ಕ ಹಾಕುವುದಕ್ಕಿಂತ, ತಡೆದುಕೊಳ್ಳಬಹುದಾದ ನಷ್ಟ ಎಷ್ಟೆಂದು ಮೊದಲೇ ನಿಗದಿಪಡಿಸಿಕೊಂಡು ಹೆಜ್ಜೆಯಿಡುವುದು ಅವರ ಸಿದ್ಧಾಂತದ ಮುಖ್ಯ ಅಂಶಗಳಲ್ಲಿ ಒಂದು. ಎಲ್ಲವನ್ನೂ ಪಣಕ್ಕಿಟ್ಟು ಧುಮುಕಿದವರ ಕಥೆಗಳನ್ನು ಕೇಳಿ ಉಬ್ಬುತ್ತಿದ್ದ ನನಗೆ ಆ ಚೀಟಿ ಎರಡು ಸಲ ಉಪಯೋಗಕ್ಕೆ ಬಂತು. ಐದನೆಯ ವರ್ಷದಲ್ಲಿ ಅಗತ್ಯಕ್ಕಿಂತ ವೇಗವಾಗಿ ಜನರನ್ನು ಸೇರಿಸಿಕೊಂಡು ಸಂಬಳ ತಡವಾದಾಗ, ಗಡಿ ಎಲ್ಲಿದೆ ಎಂಬುದಾದರೂ ನನಗೆ ಗೊತ್ತಿತ್ತು. ಆ ಎರಡು ತಿಂಗಳು ಸಹಿಸಿಕೊಂಡ ಸಹೋದ್ಯೋಗಿಗಳಲ್ಲಿ, ಸಹಿಸಲಾಗದೆ ಹೊರಟವರಲ್ಲೂ, ಕ್ಷಮೆ ಕೋರುತ್ತೇನೆ. ಅದು ನನ್ನ ಅಂದಾಜಿನ ತಪ್ಪು, ಅವರ ನಿಷ್ಠೆಯ ಪರೀಕ್ಷೆಯಾಗಬೇಕಾದ ವಿಷಯವಾಗಿರಲಿಲ್ಲ.

ಕೊನೆಯದಾಗಿ, ಶೀರ್ಷಿಕೆಯಲ್ಲಿ ಹೇಳಿದವರು. ಚಂದಾ ಆಧಾರದ ವ್ಯಾಪಾರದಲ್ಲಿ ಬಿಟ್ಟುಹೋಗುವವರು ಸಾಮಾನ್ಯವಾಗಿ ಸದ್ದಿಲ್ಲದೆ ಹೋಗುತ್ತಾರೆ. ತಿಂಗಳ ಲೆಕ್ಕದಲ್ಲಿ ಒಂದು ಅಂಕಿ ಕಡಿಮೆಯಾಗುತ್ತದೆ, ಕಾರಣ ಕೇಳಿ ಕಳಿಸಿದ ಪತ್ರಕ್ಕೆ ಉತ್ತರ ಬರುವುದಿಲ್ಲ. ಉಳಿದವರ ಹೊಗಳಿಕೆಯನ್ನೇ ಕೇಳುತ್ತ ಕುಳಿತರೆ ತಂತ್ರಾಂಶ ಚೆನ್ನಾಗಿಯೇ ಇದೆ ಎನಿಸಿಬಿಡುತ್ತದೆ. ಏಳನೆಯ ವರ್ಷದಲ್ಲಿ ನಮ್ಮನ್ನು ಬಿಟ್ಟು ಬೇರೆ ಸೇವೆಗೆ ಹೋದ ವ್ಯಾಪಾರಿಯೊಬ್ಬರು ಮಾತ್ರ ಹೋಗುವ ಮುನ್ನ ನಾಲ್ಕು ಪುಟಗಳ ಪತ್ರ ಬರೆದರು. ಅದರಲ್ಲಿ 11 ಅಂಶಗಳಿದ್ದವು. ಚೆಕ್‌ಔಟ್ ಪುಟದಲ್ಲಿ ವಿಳಾಸ ತಪ್ಪಿದ್ದರೆ ತುಂಬಿದ್ದೆಲ್ಲ ಅಳಿಸಿಹೋಗುತ್ತದೆ ಎಂಬುದರಿಂದ ಹಿಡಿದು, ತಮ್ಮ ಆರ್ಡರುಗಳ ಇತಿಹಾಸವನ್ನು ಬೇರೆ ಕಡೆಗೆ ಪೂರ್ತಿಯಾಗಿ ಒಯ್ಯಲು ನಾವು ದಾರಿಯನ್ನೇ ಇಟ್ಟಿಲ್ಲ ಎಂಬ ಆಕ್ಷೇಪದವರೆಗೆ ಪ್ರತಿಯೊಂದಕ್ಕೂ ಉದಾಹರಣೆ, ತಾರೀಖು, ಆರ್ಡರ್ ಸಂಖ್ಯೆ ಬರೆದಿದ್ದರು. ಅಷ್ಟು ಶ್ರಮ ಪಡಬೇಕಾದ ಯಾವ ಅಗತ್ಯವೂ ಅವರಿಗಿರಲಿಲ್ಲ. ಮೊದಲ ದಿನ ನಾನು ಅದಕ್ಕೆ ಉತ್ತರವಾಗಿ ನಮ್ಮ ಸಮರ್ಥನೆ ಬರೆದೆ, ಮರುದಿನ ಅಳಿಸಿದೆ, ಮೂರನೆಯ ದಿನ ಪತ್ರವನ್ನು ಮುದ್ರಿಸಿ ಗೋಡೆಗೆ ಅಂಟಿಸಿದೆವು.

ಆ ಪಟ್ಟಿಯ 10 ಅಂಶಗಳನ್ನು ಎರಡು ವರ್ಷಗಳಲ್ಲಿ ಮುಗಿಸಿದೆವು. ಹನ್ನೊಂದನೆಯದನ್ನು, ಅಂದರೆ ವ್ಯಾಪಾರಿಯು ನಮ್ಮನ್ನು ಬಿಡುವಾಗ ತನ್ನ ದಾಖಲೆಗಳನ್ನೆಲ್ಲ ಒಂದೇ ಬಾರಿಗೆ ಇಳಿಸಿಕೊಂಡು ಹೋಗುವ ಸೌಲಭ್ಯವನ್ನು, ಮುಂದೂಡುತ್ತಲೇ ಬಂದೆವು. ಬಿಟ್ಟುಹೋಗುವುದನ್ನು ನಾವೇ ಸುಲಭ ಮಾಡಿಕೊಡಬೇಕೇ ಎಂಬ ಅಳುಕು ಅದಕ್ಕೆ ಕಾರಣವೆಂದು ಒಪ್ಪಿಕೊಳ್ಳುತ್ತೇನೆ. ಕಳೆದ ವಾರ ಅದು ಪೂರ್ಣಗೊಂಡು ಎಲ್ಲ ಖಾತೆಗಳಿಗೂ ತೆರೆದಿದೆ. ಆ ಪತ್ರ ಬರೆದವರ ಈಗಿನ ವಿಳಾಸ ನಮ್ಮಲ್ಲಿಲ್ಲ. ಅವರ ಹಳೆಯ ಖಾತೆಯ ದಾಖಲೆಗಳನ್ನು ಅವರೇ ಕೋರಿದಂತೆ ಅಂದೇ ಅಳಿಸಿದ್ದೇವೆ. ಈ ಬರಹ ಹೇಗಾದರೂ ಅವರ ಕಣ್ಣಿಗೆ ಬಿದ್ದರೆ, ಹನ್ನೊಂದನೆಯದೂ ಮುಗಿಯಿತೆಂದು ಅವರಿಗೆ ತಿಳಿಯಲಿ.