ರಾಜ್ಯೋತ್ಸವಕ್ಕೆ ಒಂದು ವೀರಗಲ್ಲು ನೋಡಿ ಬನ್ನಿ

ಮಾನ್ಯರೇ,

ನವೆಂಬರ್ 1 ಬಂತೆಂದರೆ ಬಾವುಟ, ಮೆರವಣಿಗೆ, ಮೈಕು. ಬೇಡ ಅನ್ನುತ್ತಿಲ್ಲ. ಹರಿದು ಹಂಚಿಹೋಗಿದ್ದ ಕನ್ನಡದ ಸೀಮೆಗಳು 1956ರಲ್ಲಿ ಒಂದಾದ ದಿನ ಅದು, ಸಂಭ್ರಮ ಇರಲೇಬೇಕು. ಆದರೆ ಸಂಜೆ ಹೊತ್ತಿಗೆ ಎಲ್ಲ ಮುಗಿದೇ ಹೋಗಿರುತ್ತದೆ, ಅಲ್ವಾ?

ಈ ಸಲ ಮಕ್ಕಳನ್ನು ಹತ್ತಿರದ ಒಂದು ಹಳೇ ಕಲ್ಲಿನ ಬಳಿಗೆ ಕರೆದುಕೊಂಡು ಹೋಗಿ. ಹಂಪಿ, ಪಟ್ಟದಕಲ್ಲು, ಬೇಲೂರು ಹೇಗೂ ಎಲ್ಲರಿಗೂ ಗೊತ್ತು. ನಾನು ಹೇಳುತ್ತಿರುವುದು ಕೆರೆ ಏರಿಯ ಮೇಲೋ ಹೊಲದ ಬದುವಿನಲ್ಲೋ ಸುಮ್ನೆ ನಿಂತಿರುವ ವೀರಗಲ್ಲಿನ, ಅಂದರೆ ಹೋರಾಡಿ ಸತ್ತ ವೀರನ ನೆನಪಿಗೆ ನೆಟ್ಟ ಕಲ್ಲಿನ ಬಗ್ಗೆ. ಅದನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗೆ ಕಾಳಗ. ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲಿನ ಪಟ್ಟಿಯಲ್ಲಿ, ಎಷ್ಟೋ ಕಡೆ, ಶಿವಲಿಂಗದ ಮುಂದೆ ಕುಳಿತ ಅದೇ ವೀರ. ಮಕ್ಕಳಿಗೆ ಥೇಟ್ ಚಿತ್ರಕಥೆ! ಇವರಲ್ಲಿ ಎಷ್ಟೋ ಮಂದಿ ರಾಜನ ಯುದ್ಧದಲ್ಲಿ ಸತ್ತವರಲ್ಲ. ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಪ್ರಾಣ ಬಿಟ್ಟವರು. ಸಾಮಾನ್ಯ ಜನರ ಚರಿತ್ರೆ ಇದಕ್ಕಿಂತ ಜಾಸ್ತಿ ಎಲ್ಲಿ ಸಿಗುತ್ತದೆ?

ಕನ್ನಡದ ತೀರಾ ಹಳೇ ಶಾಸನಗಳಲ್ಲಿ ಒಂದಾದ, ಕ್ರಿ.ಶ. 450ರ ಸುಮಾರಿನದು ಎನ್ನುವ ಹಲ್ಮಿಡಿ ಶಾಸನ ಸಿಕ್ಕಿದ್ದೂ ಬೇಲೂರು ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲೇ. ದೊಡ್ಡ ರಾಜಧಾನಿಯಲ್ಲಲ್ಲ.

ಕಲ್ಲಿಗೆ ಯಾರೋ ಕುಂಕುಮ ಹಚ್ಚಿ ಹೂವಿಟ್ಟಿದ್ದರೆ ಅವರನ್ನು ಬೈಯಬೇಡಿ. ಆ ನಂಬಿಕೆಯಿಂದಲೇ ಎಷ್ಟೋ ಕಲ್ಲುಗಳು ಉಳಿದಿವೆ. ಸುಣ್ಣ, ಪೇಂಟು ಬಳಿಯುವುದನ್ನು ಮಾತ್ರ ದಯವಿಟ್ಟು ತಡೆಯಿರಿ. ಅಕ್ಷರಗಳು ಮುಚ್ಚಿಹೋಗುತ್ತವೆ.

– ಒಬ್ಬ ಓದುಗ