ಕುರ್ಚಿಯ ಸೂರ್ಯ ಆಮೇಲೆ ಬರಲಿ

ಪ್ರೀತಿಯ ತಂಗಿ,

ಅಮೆರಿಕದ ಸಂವಿಧಾನ ರಚಿಸಿದ ಸಭೆಯಲ್ಲಿ ಸದಸ್ಯ ಬೆಂಜಮಿನ್ ಫ್ರಾಂಕ್ಲಿನ್ ಕೊಟ್ಟ ಭಾಷಣದ ಬಗ್ಗೆ ನೀನು ಬರೆದು ಕಳಿಸಿದ್ದನ್ನು ಎರಡು ಸಲ ಓದಿದೆ. ಚೆನ್ನಾಗಿದೆ, ಆದರೆ ಮುದುಕನನ್ನು ಸಂತನನ್ನಾಗಿ ಮಾಡಿಬಿಟ್ಟಿದ್ದೀಯ. ‘ಎಂಥ ವಿನಯ!’ ಅಂತ ನಾಲ್ಕು ಕಡೆ ಬರೆದಿದ್ದೀಯ. ವಿನಯ ಇಲ್ಲ ಅನ್ನಲ್ಲ. ಆದರೆ ಅವತ್ತು ಅವರಿಗೆ ಬೇಕಿದ್ದದ್ದು ಸಂವಿಧಾನಕ್ಕೆ ಉಳಿದ ಸದಸ್ಯರ ಸಹಿ.

1787ರ ಸೆಪ್ಟೆಂಬರ್ 17, ಫಿಲಡೆಲ್ಫಿಯಾ. ಬೇಸಿಗೆಯಿಡೀ ಬಾಗಿಲು ಹಾಕಿಕೊಂಡು ಗುಟ್ಟಾಗಿ ನಡೆದ ಸಭೆಯ ಕಡೆಯ ದಿನ. ಫ್ರಾಂಕ್ಲಿನ್‌ಗೆ 81 ವರ್ಷ. ಕೈಯಲ್ಲಿ ಬರೆದ ಹಾಳೆ ಹಿಡಿದು ಎದ್ದರು, ಓದಿದ್ದು ಮಾತ್ರ ಇನ್ನೊಬ್ಬ ಸದಸ್ಯ ಜೇಮ್ಸ್ ವಿಲ್ಸನ್.

ಶುರುವಾಗುವುದೇ ಹೀಗೆ: ಈ ಸಂವಿಧಾನದ ಕೆಲವು ಭಾಗಗಳು ನನಗೆ ಸದ್ಯಕ್ಕೆ ಒಪ್ಪಿಗೆಯಿಲ್ಲ, ಆದರೆ ಎಂದೂ ಒಪ್ಪಲಾರೆ ಅಂತಲೂ ಹೇಳಲಾರೆ. ಯಾವ ಭಾಗ? ಭಾಷಣ ಪೂರ್ತಿ ಹುಡುಕು, ಸಿಗಲ್ಲ. ಒಂದೇ ಸದನ ಸಾಕು, ದೇಶ ನಡೆಸುವವನಿಗೆ ಸಂಬಳ ಬೇಡ, ಇವೆಲ್ಲ ಅವರ ಅಭಿಪ್ರಾಯ. ಸಭೆ ಒಪ್ಪಿರಲಿಲ್ಲ. ಅವನ್ನು ಮತ್ತೆ ಎತ್ತಿದ್ದರೆ ಉಳಿದವರೂ ತಮ್ಮ ತಮ್ಮ ಗಂಟು ಬಿಚ್ಚುತ್ತಿದ್ದರು. ಈ ಗೋಡೆಗಳ ಒಳಗೆ ಹುಟ್ಟಿದವು, ಇಲ್ಲೇ ಸಾಯಲಿ ಅಂದುಬಿಟ್ಟರು. ಏನು ಬರೆದಿದ್ದಾರೆ ಅಂತ ಎಲ್ಲರೂ ನೋಡ್ತಾರೆ. ನೀನು ಏನು ಬಿಟ್ಟಿದ್ದಾರೆ ಅಂತ ನೋಡು.

ಆಮೇಲೆ ಆ ಫ್ರೆಂಚ್ ಹೆಂಗಸಿನ ಜೋಕು. ನೀನು ಅದನ್ನು ಹಾರಿಸಿಬಿಟ್ಟಿದ್ದೀಯಲ್ಲ ಮಾರಾಯ್ತಿ! ಅಕ್ಕತಂಗಿಯರ ಜಗಳ. ಒಬ್ಬಳು ಹೇಳ್ತಾಳೆ: “ಅದೇನೋ ಕಣೇ, ಯಾವಾಗ್ಲೂ ಸರಿಯಾಗಿರೋರು ನನ್ನ ಬಿಟ್ರೆ ಇನ್ನೊಬ್ರು ಸಿಗೋದೇ ಇಲ್ಲ.” ನಾಲ್ಕು ತಿಂಗಳು ಜಗಳ ಆಡಿ ಸುಸ್ತಾದವರ ಮುಂದೆ ಇದು. ಯಾರ ಹೆಸರೂ ಹೇಳಲಿಲ್ಲ, ಎಲ್ಲರಿಗೂ ತಾಗಿತು. ಮರುಕ್ಷಣವೇ ಅವರು ಸಂವಿಧಾನವನ್ನು ‘ಎಲ್ಲ ತಪ್ಪುಗಳ ಸಮೇತ’ ಒಪ್ಪುತ್ತಾರೆ. ಜೊತೆಗೆ ಒಂದು ಬಾಲ: ‘ಅವು ತಪ್ಪುಗಳೇ ಆಗಿದ್ದರೆ’. ಆ ಬಾಲ ಕತ್ತರಿಸಿ ಉಲ್ಲೇಖಿಸಬೇಡ.

ಇನ್ನು ಕೊನೆಯ ಚಮತ್ಕಾರ. ‘ಹಾಜರಿದ್ದ ರಾಜ್ಯಗಳ ಸರ್ವಾನುಮತದಿಂದ’ ಅಂತ ಸಹಿಯ ಒಕ್ಕಣೆ. ಸದಸ್ಯರ ಸರ್ವಾನುಮತ ಅಲ್ಲ, ರಾಜ್ಯಗಳದ್ದು! ಒಪ್ಪದವನೂ ಸಾಕ್ಷಿಯ ಹಾಗೆ ಸಹಿ ಹಾಕಿ ಜಾರಿಕೊಳ್ಳಬಹುದು. ಇದನ್ನು ಹೊಸೆದವರು ಸಭೆಯ ಸದಸ್ಯ ಗವರ್ನರ್ ಮಾರಿಸ್ (ಗವರ್ನರ್ ಅನ್ನುವುದು ಹುದ್ದೆಯಲ್ಲ, ಹೆಸರೇ). ಮುದುಕರ ಬಾಯಲ್ಲಿ ಬಂದರೆ ಬೆಲೆ ಜಾಸ್ತಿ ಅಂತ ಅವರ ಕೈಗೆ ಕೊಟ್ಟರು. ಇಷ್ಟಾದರೂ ರಾಂಡಾಲ್ಫ್, ಮೇಸನ್, ಗೆರಿ ಮೂವರೂ ಸಹಿ ಹಾಕಲಿಲ್ಲ. ಹಾಕಿದವರು 39.

ಅಧ್ಯಕ್ಷರ ಕುರ್ಚಿಯ ಮೇಲೆ ಚಿತ್ರಿಸಿದ್ದ ಸೂರ್ಯ ಮುಳುಗುವವನಲ್ಲ, ಹುಟ್ಟುವವನು ಅಂತ ಈಗ ಗೊತ್ತಾಯ್ತು ಅನ್ನುವ ಫ್ರಾಂಕ್ಲಿನ್ ಮಾತನ್ನು ನೀನು ಭಾಷಣದ ಒಳಗೇ ಸೇರಿಸಿದ್ದೀಯ. ಅದು ಭಾಷಣದಲ್ಲಿಲ್ಲ. ಕಡೆಯವರು ಸಹಿ ಹಾಕುತ್ತಿದ್ದಾಗ ಅಕ್ಕಪಕ್ಕದವರ ಹತ್ತಿರ ಆಡಿದ್ದು. ಸಭೆಯ ಟಿಪ್ಪಣಿ ಬರೆಯುತ್ತಿದ್ದ ಸದಸ್ಯ ಮ್ಯಾಡಿಸನ್ ಬರೆದಿಟ್ಟುಕೊಂಡರು, ಹಾಗಾಗಿ ನಮಗೆ ಸಿಕ್ಕಿತು. ನಾಚಿಕೊಳ್ಳಬೇಡ, ನಿನ್ನ ವಯಸ್ಸಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ, ಅಚ್ಚೂ ಆಗಿತ್ತು. ವಾರದೊಳಗೆ ಒಬ್ಬ ಓದುಗರ ಕಾರ್ಡು ಬಂತು: “ಸ್ವಾಮೀ, ಸೂರ್ಯ ಸ್ವಲ್ಪ ಬೇಗ ಹುಟ್ಟಿದ.”

ಇನ್ನೊಂದು ವಿಷಯ. ರಾಜ್ಯಗಳ ಪ್ರತಿನಿಧಿಗಳ ಲೆಕ್ಕಕ್ಕೆ ಗುಲಾಮರನ್ನು ಐದರಲ್ಲಿ ಮೂರು ಪಾಲು ಅಂತ ಎಣಿಸಿದ್ದು, 1808ರವರೆಗೆ ಅವರ ಆಮದು ತಡೆಯಬಾರದು ಅಂದದ್ದು, ಇದೇ ಸಂವಿಧಾನ. ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ಭಾಷಣದಲ್ಲಿ ಅದರ ಸೊಲ್ಲೇ ಇಲ್ಲ. 1790ರ ಫೆಬ್ರುವರಿಯಲ್ಲಿ ಆ ಸಂಘದ ಮನವಿಗೆ ಸಹಿ ಹಾಕಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಕಳಿಸಿದರು. ಏಪ್ರಿಲ್‌ನಲ್ಲಿ ತೀರಿಕೊಂಡರು.

ಇದಕ್ಕೂ ನಿನ್ನ ಬರಹದಲ್ಲಿ ಜಾಗ ಮಾಡು. ನಾಲ್ಕು ‘ವಿನಯ’ಗಳಲ್ಲಿ ಮೂರು ತೆಗೆದರೆ ಬೇಕಾದಷ್ಟು ಜಾಗ ಸಿಗುತ್ತೆ. ತಿದ್ದಿ ಕಳಿಸು, ಅವಸರ ಇಲ್ಲ.

ಇಂತಿ,
ನಿನ್ನ ಅಣ್ಣ