ಬಿಸಿಲಿನ ವೇಳಾಪಟ್ಟಿ ಬಯಲಲ್ಲಿ ದುಡಿಯುವವರಿಗೂ ಬೇಕು

ಮಾನ್ಯ ಸಂಪಾದಕರೇ,

ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್‌, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ಕೆಲಸ ಮಾಡುವ ಪದ್ಧತಿ ಬಹಳ ವರ್ಷಗಳಿಂದ ಇದೆ. ಒಳ್ಳೆಯ ಪದ್ಧತಿ. ಆದರೆ ಅದು ಕಚೇರಿಯ ಹೊಸ್ತಿಲಲ್ಲೇ ಏಕೆ ನಿಲ್ಲಬೇಕು? ಕಳೆದ ಜುಲೈಯಲ್ಲಿ ಮಗಳು, ಅಳಿಯನೊಂದಿಗೆ ದಕ್ಷಿಣ ಸ್ಪೇನಿನ ಅಂಡಲೂಸಿಯಾ ಪ್ರಾಂತದಲ್ಲಿ ಕಾರಿನಲ್ಲಿ ಪ್ರಯಾಣ ಮಾಡಿ ಬಂದ ಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಬೆಳಿಗ್ಗೆ ನಾವು ಸಿಯೆರಾ ನೆವಾಡಾ ಪರ್ವತದ ಪ್ರಾದೋಯಾನೋ ಎಂಬಲ್ಲಿದ್ದೆವು. ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರ. ಸ್ವೆಟರ್ ಹಾಕಿಕೊಂಡೇ ಚಹಾ ಕುಡಿದೆವು. ಅಲ್ಲಿಂದ ತಿರುವು ತಿರುವಾಗಿ ಗ್ರನಾಡಾಕ್ಕೆ ಇಳಿದು, ಪಶ್ಚಿಮಕ್ಕೆ ಹೊರಟು, ಎಸ್ತೆಪಾ ಊರಿನ ಬಳಿ ಹೆದ್ದಾರಿ ಬಿಟ್ಟು ಉತ್ತರಕ್ಕೆ ಹೊರಳಿದೆವು. ದಾರಿಯುದ್ದಕ್ಕೂ ಆಲಿವ್ ತೋಟ, ಅದರಾಚೆ ಮತ್ತೆ ಆಲಿವ್ ತೋಟ, ನಡುನಡುವೆ ಸುಣ್ಣ ಬಳಿದ ಊರುಗಳು. ಭೂಗೋಳ ಪಾಠ ಮಾಡಿದವಳಾದ್ದರಿಂದ ನನ್ನ ಗಮನವೆಲ್ಲ ಹೆನಿಲ್ ನದಿಯ ಮೇಲಿತ್ತು. ಆ ಪರ್ವತದ ಹಿಮದಲ್ಲಿ ಹುಟ್ಟಿ, ಗ್ರನಾಡಾ ದಾಟಿ, ನಾವು ಹೊರಟಿದ್ದ ಎಸಿಹಾ ಊರನ್ನು ಮುಟ್ಟಿ, ಮುಂದೆ ಗ್ವಾದಲ್ಕಿವೀರ್ ನದಿಯನ್ನು ಸೇರುತ್ತದೆ. ನದಿ ಸುತ್ತಿ ಬರುವ ಆ ಇಳಿಜಾರನ್ನು ನಾವು ಊಟದ ಹೊತ್ತಿಗೆ ಮುಗಿಸಿದ್ದೆವು. ಕಾರಿನ ಬಾಗಿಲು ತೆರೆದಾಗ ನನಗೆ ನೆನಪಾದದ್ದು ನಮ್ಮ ಮೇ ತಿಂಗಳ ಕಲಬುರಗಿ.

ಎಸಿಹಾಕ್ಕೆ ‘ಅಂಡಲೂಸಿಯಾದ ಬಾಣಲೆ’ ಎಂಬ ಹೆಸರೇ ಇದೆ. ಅದಕ್ಕೆ ಹೆಚ್ಚು ದೂರವಲ್ಲದ ಲಾ ರಾಂಬ್ಲಾದಲ್ಲಿ 2021ರ ಆಗಸ್ಟ್ 14ರಂದು 47.6 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅಂಥ ಸೀಮೆಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಬೀದಿಯಲ್ಲಿ ನಾವು ಮೂವರೇ. ಅಂಗಡಿ ಮುಚ್ಚಿತ್ತು, ಕಿಟಕಿಗಳ ಪರದೆ ಇಳಿದಿತ್ತು. ಒಂದು ಕಟ್ಟಡದ ಕಾಮಗಾರಿಯ ಗೇಟಿಗೆ ಬೀಗ ಹಾಕಿತ್ತು. ಬೇಸಿಗೆಯಲ್ಲಿ ನಸುಕಿಗೇ ಕೆಲಸ ಶುರುಮಾಡಿ ಬಿಸಿಲೇರುವ ಮುನ್ನ ಮುಗಿಸುತ್ತಾರೆಂದು ಅಳಿಯ ಹೇಳಿದರು. ಸಂಜೆ ಸೆವಿಯಾ ನಗರಕ್ಕೆ ಹೋದಾಗ ಸಿಯೆರ್ಪೆಸ್ ಎಂಬ ಪೇಟೆ ಬೀದಿಯಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ದೊಡ್ಡ ಬಟ್ಟೆ ಕಟ್ಟಿ ಇಡೀ ಬೀದಿಗೆ ನೆರಳು ಮಾಡಿದ್ದರು. ಪ್ರತಿ ಬೇಸಿಗೆಗೂ ಕಟ್ಟುತ್ತಾರಂತೆ. ರಾತ್ರಿ ಹತ್ತರ ಹೊತ್ತಿಗೆ ಅಜ್ಜಿಯರೂ ಮೊಮ್ಮಕ್ಕಳೂ ಚೌಕದಲ್ಲಿ ಸೇರಿದ್ದರು.

ಇದೆಲ್ಲ ಬರೀ ರೂಢಿಯ ಮಾತಲ್ಲ. 2022ರ ಜುಲೈಯಲ್ಲಿ ಮ್ಯಾಡ್ರಿಡ್‌ನಲ್ಲಿ ಬೀದಿ ಗುಡಿಸುತ್ತಿದ್ದ ಕಾರ್ಮಿಕರೊಬ್ಬರು ಬಿಸಿಲಿನ ಹೊಡೆತಕ್ಕೆ ತೀರಿಕೊಂಡರು. ಮರುವರ್ಷವೇ ಅಲ್ಲಿನ ಸರ್ಕಾರ ನಿಯಮ ತಂದಿತು: ಹವಾಮಾನ ಸಂಸ್ಥೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟ ದಿನ, ಬೇರೆ ರಕ್ಷಣೆ ಸಾಲದಿದ್ದರೆ ಬಯಲಿನ ಕೆಲಸದ ವೇಳೆಯನ್ನು ಬದಲಿಸಬೇಕು ಇಲ್ಲವೇ ಕಡಿಮೆ ಮಾಡಬೇಕು. ಒಂದು ಸಾವಿಗೆ ಸರ್ಕಾರವೊಂದು ಹೀಗೆ ಉತ್ತರ ಕೊಟ್ಟಿತಲ್ಲ, ಅದು ನನ್ನನ್ನು ತಟ್ಟಿತು.

ನಮ್ಮಲ್ಲಿ ಮೇ ತಿಂಗಳ ಎರಡು ಗಂಟೆಗೆ, ಕಚೇರಿಯವರು ಮನೆ ಸೇರಿದ ಮೇಲೆ, ನಮ್ಮ ಬಡಾವಣೆಯಲ್ಲಿ ಹೆಣ್ಣುಮಕ್ಕಳು ಕಾದ ಡಾಂಬರಿನ ಪಕ್ಕ ಜಲ್ಲಿ ಬುಟ್ಟಿ ಹೊರುವುದನ್ನು ನೋಡಿದ್ದೇನೆ. ಅವರ ಕೂಸು ಜಾಲಿಮರದ ಚೂರು ನೆರಳಿನಲ್ಲಿ ಮಲಗಿರುತ್ತದೆ.

ಮುಂದಿನ ಬೇಸಿಗೆಯ ಕಾಮಗಾರಿಗಳಿಗೆ ಟೆಂಡರ್ ಕರೆಯುವಾಗಲೇ ಒಂದು ಷರತ್ತು ಸೇರಿಸಲಿ: ಬಿಸಿಗಾಳಿಯ ಎಚ್ಚರಿಕೆ ಇರುವ ದಿನ ಮಧ್ಯಾಹ್ನ 12ರಿಂದ 4ರವರೆಗೆ ಕೆಲಸ ನಿಲ್ಲಬೇಕು, ಅದಕ್ಕಾಗಿ ಕೂಲಿ ಕಡಿಯಬಾರದು. ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ಸುತ್ತ ತರಕಾರಿ ಮಾರುವವರ ತಲೆಯ ಮೇಲೆ ಬಟ್ಟೆಯ ನೆರಳು ಕಟ್ಟಿಸುವುದಕ್ಕೆ ಪಾಲಿಕೆಗೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಮಾರ್ಚ್‌ಗೆ ಮುನ್ನ ಒಂದು ಬೀದಿಯಲ್ಲಾದರೂ ಕಟ್ಟಿಸಲಿ.

– ನಿವೃತ್ತ ಶಿಕ್ಷಕಿ, ಕಲಬುರಗಿ